ಸೊಸೈಟಿಗೆ ಹೋಗದ ಹಾಲು

ಉಕ್ಕುತ್ತಿದೆ, ಉಕ್ಕಲಿ, ಚೆಲ್ಲಬಾರದು ಅಷ್ಟೇ — ಸರ್ವಮಂಗಳ ಒಲೆಯಿಂದ ಉರಿಯುವ ಕರಟ ಹೊರಗೆಳೆದಳು, ಕರಟದ ಉರಿಗೆ ಸಮಾಧಾನವೆಂಬುದೇ ಇಲ್ಲ, ಅಂಚಿನವರೆಗೆ ಎದ್ದ ಹಾಲು ಕೆಳಗಿಳಿಯಿತು, ಬೆಳಗಿನದು ಅಷ್ಟೂ ಇದರಲ್ಲಿದೆ, ಗೌರಿಯ ಹಾಲು, ಹಾಲ್ಕುರಿಕೆಯ ತವರಿಂದ ಬಳುವಳಿಯಾಗಿ ಬಂದ ಹಸುವಿನ ಮೊಮ್ಮಗಳು ಗೌರಿ, ಕರೆಯುವವಳು ತಾನು, ಸಗಣಿ ಬಾಚುವವಳು ತಾನು, ಹಿಂಡಿ ನೆನೆಸುವವಳು ತಾನು, ಹಾಲು ಮಾತ್ರ ಸೊಸೈಟಿಯದು — ಊರಿಗೆ ಡೈರಿ ಬಂದು ಗಂಡ ತೋಂಟದಾರ್ಯ ಅದರ ಅಧ್ಯಕ್ಷನಾದಾಗಿನಿಂದ ಈ ಮನೆಯ ಕಾಫಿಯ ಬಣ್ಣವೇ ಬದಲಾಗಿದೆ, ಅಧ್ಯಕ್ಷನ ಮನೆ ಹಾಲೇ ಕಮ್ಮಿ ಬಂದ್ರೆ ಊರೋರು ಏನಂದಾರು, ಪೂರ್ತಿ ಹಾಕು ಕಣೇ, ಎಂದು ದಿನಾ ಕ್ಯಾನು ಹಿಡಿದು ನಿಲ್ಲುತ್ತಾನೆ, ಮಜ್ಜಿಗೆ ಬೇಕಾದರೆ ಪಕ್ಕದ ಮನೆ, ತುಪ್ಪ ಬೇಕಾದರೆ ಹಬ್ಬ ಬರಬೇಕು. ಈಗ ಬೆಲ್ಲ — ಇಲ್ಲ, ಈಗಲೇ ಹಾಕಿದರೆ ಒಡೆಯುತ್ತದೆ, ಇಳಿಸಿದ ಮೇಲೆ, ಅವ್ವ ಹೇಳುತ್ತಿದ್ದಳು, ಅವ್ವ ಸೌಟು ಬಿಡುತ್ತಲೇ ಇರಲಿಲ್ಲ, ಅಂಚಿಗೆ ಕಟ್ಟಿದ ಕೆನೆಯನ್ನು ಕೆರೆದು ಕೆರೆದು ಒಳಕ್ಕೆ ತಳ್ಳುವಳು, ಬೆರಳು ಸುಟ್ಟರೂ ನೆಕ್ಕುವಳು, ಗಂಡಸರು ತಿಂದು ಉಳಿದರೆ ಹೆಂಗಸರಿಗೆ ಅನ್ನುವ ಮಾತು ಅವಳ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ, ಆ ಅವ್ವನ ಮಗಳಾಗಿ ನಿನ್ನೆ ತಾನು ಸುಮ್ಮನಿದ್ದಳಲ್ಲ — ನಿನ್ನೆ ಮಧ್ಯಾಹ್ನ ಅತ್ತೆ ಸಿದ್ದಕ್ಕ, ಹಲ್ಲಿಲ್ಲದ ಬಾಯಿ, ಮುದ್ದೆ ನುಂಗಿ ಕಡೆಗೊಂದು ಹಿಡಿ ಅನ್ನ ಇಟ್ಟುಕೊಂಡು ಕಾದರು, ಮಂಗಳಾ, ಒಂದೀಟು ಕೆನೆಮೊಸ್ರು ಐತೇನೇ, ನಾಲ್ಗೆ ಬೇಡ್ತದೆ, ಈ ಅಡುಗೆಮನೆಯನ್ನು ಆಳಿದವರು, ಸೊಸೆಗೆ ಬೀಗದಕೈ ಕೊಡಲು ತಿಣುಕಿದವರು, ಆ ದನಿ ಹಾಗೆ ಬೇಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ, ಬಾಯಿ ತೆರೆಯುವ ಮೊದಲೇ ಗಂಡ, ಈ ವಯಸ್ಸಲ್ಲಿ ಅದೆಲ್ಲ ಅರಗಲ್ಲ ಬುಡವ್ವ, ನೀರು ಹಾಕ್ಕೊಂಡು ಉಣ್ಣು, ಅತ್ತೆ ನೀರು ಹಾಕಿಕೊಂಡರು, ಸಂಜೆ ಪೇಟೆಯಿಂದ ಬಂದ ಯಾರೋ ಸಾಹೇಬರಿಗೆ ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು, ನಮ್ಮನೇಲಿ ಹಾಲಿಗೇನು ಬರ ಸಾರ್, ಎಂದು ನಗು, ಬಾಗಿಲ ಹಿಂದೆ ಅತ್ತೆಯೂ ಕೇಳಿಸಿಕೊಂಡರು, ತಾನೂ ಕೇಳಿಸಿಕೊಂಡಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಇದು ನಿನ್ನೆಯೇ ಆಗಿಹೋಗುತ್ತಿತ್ತು.

ಇಳಿಸಿದಳು, ಬೆಲ್ಲ, ಏಲಕ್ಕಿ, ಸಣ್ಣಗೆ ತುರಿದ ಕೊಬ್ಬರಿ, ಗಟ್ಟಿಯಾಗಿದೆ, ಸೌಟಿನ ಬೆನ್ನಿಗೆ ಅಂಟುತ್ತಿದೆ, ಶೆಟ್ಟಿಕೆರೆ ಕಡೆಯಿಂದ ಡೈರಿ ವ್ಯಾನಿನ ಹಾರನ್ನು, ಚಪ್ಪಲಿ ಸದ್ದು, ಬಂದ, ಹಾಲೆಲ್ಲೇ, ಒಲೆ ಮೇಲಿತ್ತು, ಈಗ ಇಳಿಸ್ದೆ, ಏನಂದೆ, ಕಾಯಿಸಿ ಗಟ್ಟಿ ಮಾಡ್ದೆ ಕಣ್ರೀ, ಅಷ್ಟೂನೂ, ತಲೆ ಕೆಟ್ಟೈತೇನೇ ನಿಂಗೆ, ಊರೆಲ್ಲ ಕ್ಯಾನ್ ಹಿಡ್ಕಂಡು ನಿಂತೈತೆ, ಅಧ್ಯಕ್ಷ ಬರಿ ಕ್ಯಾನ್ ತಗಂಡ್ ಹೋಗ್ಲಾ — ಸೌಟು ಕೆಳಗಿಟ್ಟಳು — ಹೋಗಿ, ನಮ್ಮವ್ವಂಗೆ ಕುಡಿಯಕ್ ಕೊಟ್ಟೆ ಅನ್ನಿ, ಯಾರು ನಗ್ತಾರೆ ನೋಡ್ಕಂಡ್ ಬನ್ನಿ. ಅವನ ಪಕ್ಕದಲ್ಲೇ ಹಾದು ನಡುಮನೆಗೆ ಬಂದಳು, ಮಣೆ ಹಾಕಿದಳು, ಅತ್ತೆಯನ್ನು ಕೂರಿಸಿದಳು, ಬೆಳ್ಳಿ ಲೋಟ, ಸಾಹೇಬರ ಲೋಟ, ತುಂಬ ಬಗ್ಗಿಸಿದಳು, ತನಗೂ ಒಂದು, ಗಂಡನ ಎದುರಿಗೇ ಕಂಬಕ್ಕೊರಗಿ ಕೂತಳು, ಇಷ್ಟು ವರ್ಷದಲ್ಲಿ ಹೀಗೆ ಕೂತದ್ದಿಲ್ಲ, ಈಗ ಅತ್ತೆ ಅನ್ನುತ್ತಾರೆ, ಮೊದ್ಲು ಅವನಿಗೆ ಕೊಡೇ ಅನ್ನುತ್ತಾರೆ, ಅಂದರೆ ಎಲ್ಲ ಮುಗಿಯಿತು, ಅತ್ತೆ ಲೋಟ ಎತ್ತಿದರು, ಅವ್ವಾ, ಅದು ಅರಗಲ್ಲ ನಿಂಗೆ, ಎಂದ ಮಗ, ಗುಟುಕು ಗುಟುಕಾಗಿ ಗಂಟಲು ಏರಿತು, ಇಳಿಯಿತು, ತಳದವರೆಗೆ, ಅರಗ್ದಿದ್ರೆ ನನ್ ಹೊಟ್ಟೆ ತಾನೇ ನೋಯದು, ನಿನ್ ಸೊಸೈಟಿದಲ್ವಲ್ಲ, ಮಂಗಳಾ, ಇನ್ನೊಂದೀಟು ಬುಡು, ಕೆನೆ ಬರಂಗೆ ಬುಡು. ಗಂಡನ ಕೈಯಲ್ಲಿ ಬರಿ ಕ್ಯಾನಿನ ಮುಚ್ಚಳ ಲಟಲಟ ಅನ್ನುತ್ತ ಬೀದಿಗಿಳಿಯಿತು. ಅವಳೂ ಕುಡಿದಳು, ಬಿಸಿ, ಸಿಹಿ, ನಾಲಗೆ ಮೇಲೆ ಕೊಬ್ಬರಿಯ ತರಿ, ಹೊಟ್ಟೆಯ ತನಕ ಇಳಿದದ್ದು ಗೊತ್ತಾಯಿತು, ರಾತ್ರಿ ಜಗಳ ಆಗುತ್ತದೆ, ಆಗಲಿ, ನಾಳೆಯೂ ಒಂದು ಚೊಂಬು ಒಳಗೇ ಉಳಿಯುತ್ತದೆ, ನಾಡಿದ್ದೂ, ಅತ್ತೆಯ ಮೇಲ್ದುಟಿಯ ಮೇಲೆ ಬಿಳಿ ಕೆನೆಯ ಗೆರೆ, ಒರೆಸ್ಕಳಿ ಅತ್ತೆ, ಇರ್ಲಿ ಬುಡೇ, ಅವ್ನು ವಾಪಸ್ ಬರಗಂಟ ಇರ್ಲಿ, ಎಂದು ಬಾಗಿಲ ಕಡೆಗೇ ಮುಖ ಮಾಡಿ ಕೂತರು, ಸುಕ್ಕಿನ ಮೇಲೆ ಒಣಗುತ್ತಿದ್ದ ಗೆರೆ, ಬಿಳಿ ಗೆರೆ —