ಮೂರು ಎಣಿಸುವಷ್ಟು ಹೊತ್ತು

ನಾನು ಒಂದು ಹೆಡ್‌ಫೋನು. ಎರಡು ಕಿವಿ, ಬಾಯಿಯ ಹತ್ತಿರಕ್ಕೆ ಚಾಚಿದ ಒಂದು ಮೈಕು, ಇಷ್ಟೇ ನನ್ನ ಮೈ. ಹುಟ್ಟಿದ ಕಾರ್ಖಾನೆಯ ನೆನಪಿಲ್ಲ. ಕಣ್ಣು ಬಿಟ್ಟಿದ್ದು ದಾವಣಗೆರೆಯ ಅಂಗಡಿಯೊಂದರಲ್ಲಿ. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಂದಾಕಿನಿ ನನ್ನನ್ನು ಹಾಕಿಕೊಂಡು, ಕನ್ನಡಿ ನೋಡಿ ನಕ್ಕು, ಮನೆಗೆ ಕರೆತಂದಳು. ತಲೆಯ ಮೇಲೆ ಕೂರಿಸಿಕೊಂಡವರನ್ನು ಯಾರಾದರೂ ಮರೆಯುತ್ತಾರೆಯೇ?

ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದವಳೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಅದೊಂದು ಆನ್‌ಲೈನ್ ಆಟ. ಕೋಟೆಗಳು, ರಾಕ್ಷಸರು, ಐದು ಜನರ ತಂಡ. ಅದರಲ್ಲಿ ಇವಳು ವೈದ್ಯೆ. ಗುರಾಣಿ ಹಿಡಿಯುವವನು ಚಿಂತಾಮಣಿಯ ಯೋಗಾನಂದ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ನನಗಂತೂ ಅವನ ದನಿಯೇ ಅವನ ಮುಖವಾಗಿತ್ತು.

ಅವನು "ಎತ್ತಿದೆ ಅಕ್ಕ" ಅಂದರೆ ಗುರಾಣಿ ಎದ್ದಿತು ಅಂತ ಲೆಕ್ಕ. ಅದು ನಿಲ್ಲುವುದು ಮೂರು ಎಣಿಸುವಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಇವಳು ಮಂತ್ರ ಹಾಕಿ ಎಲ್ಲರ ಗಾಯ ಮಾಯಿಸಬೇಕು. ಇವಳು ಜೋರಾಗಿ ಎಣಿಸುತ್ತಿದ್ದಳು, ಅವನು ತಡೆದು ನಿಲ್ಲುತ್ತಿದ್ದ. ಎರಡು ವರ್ಷ ಅದು ತಪ್ಪಿದ್ದೇ ಇಲ್ಲ.

ಆಮೇಲೆ ತಪ್ಪತೊಡಗಿತು. ಅವನು "ಎತ್ತಿದೆ" ಅನ್ನುತ್ತಿದ್ದ, ಗುರಾಣಿ ಏಳುತ್ತಿರಲಿಲ್ಲ. ಇವಳು ಎಣಿಸಿ ಮುಗಿಸುವಷ್ಟರಲ್ಲಿ ತಂಡವೆಲ್ಲ ನೆಲ ಕಚ್ಚಿರುತ್ತಿತ್ತು.

"ಸ್ವಲ್ಪ ನಿಧಾನಕ್ಕೆ ಎಣಿಸ್ತೀರಾ ಅಕ್ಕ?" ಎಂದು ಕೇಳಿದ. ಎಣಿಸಿದಳು. ಆದರೂ ಆಗಲಿಲ್ಲ. ಉಳಿದ ಮೂವರು ಗೊಣಗಿದರು.

ಭಾನುವಾರ ದೊಡ್ಡ ಕೋಟೆಯ ಕಾಳಗವಿತ್ತು. ಮಂದಾಕಿನಿಗೆ ಗೆಲ್ಲುವ ಆಸೆ. "ಭಾನುವಾರ ನಾನು ಆಡಲ್ಲ ಯೋಗಿ, ಮನೆಗೆ ನೆಂಟರು ಬರ್ತಾರೆ" ಅಂತ ಅವನಿಗೆ ಹೇಳಿ, ಬೇರೊಬ್ಬ ಗುರಾಣಿಯವನನ್ನು ಸೇರಿಸಿಕೊಂಡಳು. ಆ ಸುಳ್ಳನ್ನು ಅವನ ಕಿವಿಗೆ ಮುಟ್ಟಿಸಿದ್ದು ನಾನೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಭಾನುವಾರ ಮಧ್ಯಾಹ್ನ ಕೋಟೆಯ ಬಾಗಿಲಲ್ಲಿ ಎಲ್ಲರೂ ನಿಂತಿದ್ದಾಗ ನನ್ನೊಳಗೆ ಅವನ ದನಿ ಕೇಳಿಸಿತು.

"ನೆಂಟರು ಹೋದ್ರಾ ಅಕ್ಕ?"

ಮಂದಾಕಿನಿಯ ಕೈ ತಟ್ಟನೆ ನನ್ನ ಎಡಗಿವಿಗೆ ಬಂತು. ಅಲ್ಲೊಂದು ಗುಂಡಿಯಿದೆ, ಒತ್ತಿದರೆ ಮೈಕು ಮುಚ್ಚುತ್ತದೆ. ತನ್ನ ಉಸಿರೂ ಅವನಿಗೆ ಕೇಳದಿರಲಿ ಅಂತ ಒತ್ತಿದಳು.

"ಬೈಯಕ್ಕೆ ಬಂದಿಲ್ಲ ಅಕ್ಕ," ಅಂದ. "ನನ್ನ ಬೆರಳು ಏಳ್ತಿಲ್ಲ. ನರದ ಕಾಯಿಲೆ ಅಂತೆ, ವಾಸಿ ಆಗಲ್ವಂತೆ. ಹೇಳಿದ್ರೆ ಆಟಕ್ಕೆ ಕರೀತೀರೋ ಇಲ್ವೋ ಅಂತ ಮುಚ್ಚಿಟ್ಟೆ. ಇವತ್ತೇ ಕೊನೆ. ಕೋಟೆ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವಳ ದುಃಖ ಕಟ್ಟೆಯೊಡೆಯಿತು. "ತಪ್ಪಾಯ್ತು ಕಣೋ. ಹೋಗಬೇಡ. ಆ ಗೆಲುವಿಗಿಷ್ಟು ಬೆಂಕಿ ಹಾಕ. ನೀನು ಎಷ್ಟು ತಡವಾಗಿ ಬೇಕಾದ್ರೂ ಎತ್ತು, ನಾನು ನೂರರ ತನಕ ಎಣಿಸ್ತೀನಿ" ಅಂದಳು. ಒಂದೊಂದು ಮಾತೂ ನನ್ನ ಮೈಕಿನ ತನಕ ಬಂದು ನಿಂತಿತು. ಗುಂಡಿ ಒತ್ತಿದ್ದು ಅವಳಿಗೆ ಮರೆತೇ ಹೋಗಿತ್ತು. ನನಗೆ ಗೊತ್ತಿತ್ತು, ಹೇಳುವುದು ಹೇಗೆ?

ಅವನು ಕಾದ. "ಏನೂ ಮಾತಾಡಲ್ವಾ ಅಕ್ಕ?" ಅಂದ. ಇನ್ನೂ ಸ್ವಲ್ಪ ಹೊತ್ತು ಕಾದ. "ಇರ್ಲಿ ಬಿಡಿ. ಚೆನ್ನಾಗಿ ಆಡಿ" ಅಂದು ಹೋದ.

ಅವಳು ಗುಂಡಿ ನೋಡಿಕೊಂಡು ಮೈಕು ತೆರೆಯುವ ಹೊತ್ತಿಗೆ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ, ಖಾತೆಯನ್ನೇ ಅಳಿಸಿದ್ದ. ಫೋನ್ ನಂಬರು ಇಬ್ಬರೂ ಕೇಳಿಕೊಂಡವರಲ್ಲ. ತಿಂಗಳುಗಟ್ಟಲೆ ಹುಡುಕಿ ಸೋತಳು, ಆಟ ಬಿಟ್ಟಳು.

ನಾನು ಅವಳ ಅಕ್ಕನ ಮಗಳು ಪೂರ್ವಿಯ ಪಾಲಾದೆ. ಅವಳು ಪಾಠ ಕೇಳಿದಳು, ಹಾಡು ಕೇಳಿದಳು, ನನ್ನ ಬಲಗಿವಿ ಸತ್ತ ಮೇಲೆ ಹಳೆಯ ಚಾರ್ಜರುಗಳ ಡಬ್ಬಕ್ಕೆ ಹಾಕಿದಳು.

ಮುದಿತನದ ಬೇಸರ ನನಗಿಲ್ಲ. ಆ ಮಧ್ಯಾಹ್ನದ ಸಂಕಟವೇ ಸಾಕಾಗಿದೆ. ಮಂದಾಕಿನಿ ತಪ್ಪಾಯ್ತು ಅಂದದ್ದಕ್ಕೆ ನಾನೊಬ್ಬನೇ ಸಾಕ್ಷಿ. ಯೋಗಾನಂದ ಈಗ ಇದ್ದಾನೋ ಇಲ್ಲವೋ, ತಿಳಿಯದು. ಇದ್ದರೆ, ಅಕ್ಕ ಒಂದು ಮಾತೂ ಆಡಲಿಲ್ಲ ಅಂತಲೇ ಅಂದುಕೊಂಡಿರುತ್ತಾನೆ.