ಹೊಲದಾಗೆ ತೂಗಾಕಿದ್ದ ಸೀಡಿ

ನನ್ನ ಲ್ಯಾಪ್‌ಟಾಪ್ ನೋಡಿದೋರೆಲ್ಲ ನಗ್ತಾರೆ. ನಗ್ಲಿ ಬಿಡ್ರಿ. ಸೂಟ್‌ಕೇಸಿಗೆ ಇದ್ದಂಗೆ ಹಿಡಿಕೆ ಐತೆ, ನಾಲ್ಕು ಕೆ.ಜಿ. ತೂಕ, ಹದಿನಾಲ್ಕು ವರ್ಷ ವಯಸ್ಸು. ಯಾವುದೋ ಸರ್ವೆ ಕಂಪನಿಯೋರು ಹರಾಜಿಗೆ ಹಾಕಿದ್ದನ್ನ ತಂದೆ. ಜೀಪಿನ ಮ್ಯಾಲಿಂದ ಬಿದ್ದೈತೆ, ಕೆಸರಾಗೆ ಉಳ್ಳಾಡೈತೆ, ಒಂದ್ಸಲ ಎಮ್ಮೆ ತುಳಿದೈತೆ. ಏನೂ ಆಗಿಲ್ಲ. ಬೋರ್‌ವೆಲ್ ಒಳಗೆ ಕ್ಯಾಮೆರಾ ಇಳಿಸಿ, ಮೋಟರ್ ಎಲ್ಲಿ ಸಿಕ್ಕಾಕ್ಕೊಂಡೈತೆ, ಪೈಪ್ ಎಲ್ಲಿ ಸೀಳೈತೆ ಅಂತ ನೋಡಿ ಹೇಳೋದು ನನ್ನ ಕಸುಬು. ಧೂಳು, ನೀರು, ಬಿಸಿಲಿನ ನಡುವೆ ನಿಮ್ಮ ತೆಳ್ಳನೆ ಲ್ಯಾಪ್‌ಟಾಪ್ ಎರಡು ದಿನ ಬಾಳಲ್ಲ.

ಅದಕ್ಕೆ ಒಂದೇ ಒಂದು ರೋಗ ಇತ್ತು. ಗಿರಾಕಿಗೆ ಬೋರಿನ ಚಿತ್ರ ತೋರಿಸ್ತಿರ್ಬೇಕಾದ್ರೆ ಒಂದು ಮೆಸೇಜ್ ಅಡ್ಡ ಬಂದು ಕೂತ್ಕೊಳ್ಳೋದು: ನಿಮ್ಮ ಸಿಸ್ಟಂ ಹಳೇದಾಗೈತೆ, ಅಪ್‌ಗ್ರೇಡ್ ಮಾಡ್ಕೊಳ್ಳಿ. ಒತ್ತಿ ಮುಚ್ಚಿದ್ರೆ ಐದು ನಿಮಿಷಕ್ಕೆ ಮತ್ತೆ ಹಾಜರ್. ನಂಗೆ ಸಿಟ್ಟು ಮೂಗಿನ ತುದಿಯಾಗೆ ಇರ್ತೈತೆ, ಊರಿಗೇ ಗೊತ್ತು. ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ, "ತಗೊ ನಿನ್ನ ಅಪ್‌ಗ್ರೇಡು" ಅಂತ ಒತ್ತೇ ಬಿಟ್ಟೆ.

"ಚೆನ್ನಾಗಿ ಓಡ್ತಿರೋದನ್ನ ಯಾಕ ಕೆದಕ್ತೀಯ?" ಅಂದ್ಲು ನನ್ನ ಹೆಂಡತಿ ಸರೋಜಾ.

"ನಿಂಗೇನು ಗೊತ್ತು, ಸುಮ್ನಿರು" ಅಂದೆ.

ಮೂರು ಗಂಟೆ ಹೊತ್ತು ತಿರುಗಿ ತಿರುಗಿ ಹೊಸ ಸಿಸ್ಟಂ ಬಂತು. ನೀಲಿ ಬಣ್ಣದ ಪರದೆ, ಕನ್ನಡಿಯಂಗೆ ಹೊಳೀತಿತ್ತು. ಮತ್ತೆ ಆ ಮೆಸೇಜ್ ಇಲ್ಲ. ಗೆದ್ದೆ ಅಂದ್ಕೊಂಡು ಮುಚ್ಚಿಟ್ಟೆ. ಯಾವ ಕೆಲಸಕ್ಕೆ ಹೋಗೋಕೆ ಮುಂಚೆನೂ ಬಚ್ಚಲಾಗೆ ಒಂದು ಬಕೀಟು ನೀರಿಟ್ಟು, ಅದರೊಳಗೆ ಕ್ಯಾಮೆರಾ ಇಳಿಸಿ, ಪರದೆ ಮ್ಯಾಲೆ ಬಕೀಟಿನ ತಳ ಕಂಡಮ್ಯಾಲೇ ನಾನು ಗಾಡಿ ಹತ್ತೋದು. ಹನ್ನೊಂದು ವರ್ಷದ ಪದ್ಧತಿ ಅದು. ಅವತ್ತು ಮಾಡ್ಲಿಲ್ಲ. ನಾಳೆ ಕೆಲಸ ಇಲ್ವಲ್ಲ, ಆಮ್ಯಾಲೆ ನೋಡಿದ್ರಾತು ಅಂತ ಬಿಟ್ಟೆ.

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಹರಿಹರದಿಂದ ಪೊಲೀಸ್ನೋರ ಫೋನು. ಹಿಂದಿನ ವರ್ಷ ಒಂದು ಬಾವಿಯಾಗೆ ಮುಳುಗಿದ್ದೋನ್ನ ನನ್ನ ಕ್ಯಾಮೆರಾನೇ ತೋರಿಸಿತ್ತು, ಅದಕ್ಕೆ ನಂಬರ್ ಇಟ್ಕೊಂಡಿದ್ರು. "ಹೊಳೆಯಾಗೆ ಒಬ್ಬ ಹೋಗ್ಯಾನೆ, ಬೇಗ ಬಾ" ಅಂದ್ರು. ಸಾಮಾನು ಗಾಡಿಗೆ ಹಾಕ್ಕೊಂಡು ಹೊಂಟೆ. ಬಕೀಟು ಬಚ್ಚಲಾಗೇ ಇತ್ತು.

ಮುಳುಗಿದೋನು ಮಹಾಂತೇಶ್ ಅಂತ, ಇಪ್ಪತ್ತೇಳು ವರ್ಷ. ಅವರಪ್ಪ ಬಕ್ಕೇಶಪ್ಪನೋರಿಗೆ ಹರಿಹರದ ಪ್ಯಾಟೆಯಾಗೆ ಗೊಬ್ಬರದ ಅಂಗಡಿ, ಹೊಳೆದಂಡಿಗೆ ಐದೆಕರೆ ಗದ್ದೆ. ಪಂಪಿನ ಪೈಪಿನ ತುದಿಗೆ ಪಾಚಿ ಕಟ್ಟಿ ನೀರು ಏರ್ತಿಲ್ಲ ಅಂತ ಎಂಟು ಗಂಟೆಗೆ ಹುಡುಗ ನೀರಿಗಿಳಿದಾನೆ. ಅಲ್ಲಿ ಮರಳು ತೆಗೆದು ತೆಗೆದು ನಲವತ್ತಡಿ ಗುಂಡಿ ಬಿದ್ದೈತೆ. ಮ್ಯಾಲೆ ಬಂದಿಲ್ಲ.

ತೆಪ್ಪದ ಮಸ್ತಾನಸಾಬ್ ಆಗಲೇ ಆರು ಸಲ ಮುಳುಗಿ ಎದ್ದು ದಂಡಿಮ್ಯಾಲೆ ಕೂತು ಏದುಸಿರು ಬಿಡ್ತಿದ್ದ. ಅರವತ್ತರ ಮುದುಕ, ಹೊಳೆಯಾಗೇ ಹುಟ್ಟಿದೋನಂಗೆ ಈಜ್ತಾನೆ. "ತಳದಾಗೆ ಕಲ್ಲು, ಬಲೆ, ಹಳೇ ಪೈಪು, ಎಲ್ಲಾ ಬಿದ್ದಾವೆ ತಿಮ್ಮೇಶಣ್ಣ. ಕತ್ತಲು. ಕೈಯಾಗೆ ತಡಕಿ ಎಷ್ಟು ನೋಡ್ಲಿ? ಇಂಥಾ ಕಡೆ ಅವ್ನೆ ಅಂತ ನೀ ತೋರ್ಸು, ಒಂದೇ ಮುಳುಗಿಗೆ ತರ್ತೀನಿ" ಅಂದ.

ಬಕ್ಕೇಶಪ್ಪನೋರು ಎದ್ದು ಬಂದು ನನ್ನ ಕೈ ಹಿಡ್ಕೊಂಡ್ರು. ಅಳ್ತಿರಲಿಲ್ಲ. "ಜೀವ ಹೋಗೈತೆ ಅಂತ ನಂಗೊತ್ತು ತಮ್ಮಾ. ನಮ್ಮಲ್ಲಿ ಹೆಣ ಮಲಗಿಸಲ್ಲ, ಕೂರಿಸ್ತೀವಿ. ಕಾಲು ಮಡಚಿ, ಎಡಗೈಯಾಗೆ ಲಿಂಗ ಇಟ್ಟು, ಗುಂಡಿಯಾಗಿನ ಗೂಡಿನಾಗೆ ಕೂರಿಸಬೇಕು. ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ ಹಂಗೇ ಕೂತಾರೆ. ಮೈ ಸೆಟೆದ್ರೆ, ಉಬ್ಬಿದ್ರೆ ಆಗಲ್ಲ. ಅಷ್ಟರೊಳಗೆ ಎತ್ತಿಕೊಡು, ಮತ್ತೇನೂ ಕೇಳಲ್ಲ" ಅಂದ್ರು.

"ಯಜಮಾನ್ರೆ, ಅರ್ಧ ಗಂಟೆ ಸಾಕು" ಅಂದೆ. ಅಷ್ಟು ಜನದ ಮುಂದೆ ಅಂದೆ, ಥೂ.

ಲ್ಯಾಪ್‌ಟಾಪ್ ತೆಗೆದೆ, ಕ್ಯಾಮೆರಾ ವೈರು ಸಿಕ್ಕಿಸಿದೆ. ಕರಿ ಪರದೆ. ತೆಗೆದು ಮತ್ತೆ ಸಿಕ್ಕಿಸಿದೆ. ಕರಿ ಪರದೆ. ಒಳಗೆ ಹೊಕ್ಕು ನೋಡಿದ್ರೆ ಕ್ಯಾಮೆರಾ ಹೆಸರಿರಬೇಕಾದ ಕಡೆ ‘ಗೊತ್ತಿಲ್ಲದ ಸಾಧನ’ ಅಂತ ಬಂದು, ಪಕ್ಕಕ್ಕೆ ಒಂದು ಹಳದಿ ತ್ರಿಕೋನ ಕೂತಿತ್ತು. ಕ್ಯಾಮೆರಾ ಹೇಳೋದನ್ನ ಲ್ಯಾಪ್‌ಟಾಪಿಗೆ ತಿಳಿಸೋಕೆ ನಡುವೆ ಡ್ರೈವರ್ ಅಂತ ಒಂದು ಸಣ್ಣ ಪ್ರೋಗ್ರಾಂ ಬೇಕು. ಹಳೇ ಸಿಸ್ಟಂ ಜೊತೆಗೆ ಅದನ್ನೂ ಗುಡಿಸಿ ಹಾಕಿದ್ದೆ.

ಒಂದು ಗಂಟೆ ಒದ್ದಾಡಿದೆ. ಹಿಂದೆ ನಿಂತ ಮಂದಿ ಪಿಸುಗುಡೋದು ಕೇಳಿಸ್ತಿತ್ತು. ಒಬ್ಬ, "ಡಬ್ಬಾ ಕೈ ಕೊಡ್ತು" ಅಂದ. ತಿರುಗಿ ಬೈದೆ, "ಮುಚ್ಚಲೇ ಬಾಯಿ!" ಡಬ್ಬಾದ್ದೇನು ತಪ್ಪು? ಅದು ಯಾವತ್ತೂ ಕೈ ಕೊಟ್ಟಿರಲಿಲ್ಲ. ಬಕ್ಕೇಶಪ್ಪನೋರ ಮುಖ ನೋಡೋಕೆ ಆಗ್ಲಿಲ್ಲ. "ಈಗ ಬಂದೆ" ಅಂತ ಲ್ಯಾಪ್‌ಟಾಪ್, ಕ್ಯಾಮೆರಾ ಎತ್ಕೊಂಡು ದಾವಣಗೆರೆ ಕಡೆ ಗಾಡಿ ತಿರುಗಿಸಿದೆ.

ಕೆ.ಬಿ. ಬಡಾವಣೆಯಾಗೆ ರೌಫ್ ಅಂತ ನನ್ನ ದೋಸ್ತ್ ಕಂಪ್ಯೂಟರ್ ರಿಪೇರಿ ಮಾಡ್ತಾನೆ. ಕೈಯಾಗಿದ್ದ ಕೆಲಸ ಬಿಟ್ಟು ಇದಕ್ಕೆ ಕೂತ. ಕ್ಯಾಮೆರಾ ಮಾಡಿದ ಕಂಪನಿಯ ಸೈಟ್ ತೆಗೆಯೋಕೆ ಹೋದ್ರೆ, ಕಂಪನಿ ಮುಚ್ಚಿ ಐದು ವರ್ಷ ಆಗೈತೆ. ಬೇರೆ ಕಡೆಯಿಂದ ಇಳಿಸಿದ ಡ್ರೈವರ್ ಹಾಕಿದ್ರೆ ಒಂದು ಪ್ರಿಂಟರಿಂದು, ಇನ್ನೊಂದು ಬರೇ ವೈರಸ್ಸು. ಹಳೇ ಸಿಸ್ಟಂಗೇ ವಾಪಸ್ ಹೋಗಾನ ಅಂದ್ರೆ, "ಜಾಗ ಸಾಲಲ್ಲ ಅಂತ ಕೇಳಿದಾಗ ಹಳೇ ಫೈಲೆಲ್ಲ ಅಳಿಸು ಅಂತ ನೀನೇ ಒತ್ತೀಯಲ್ಲೋ ಮಾರಾಯ" ಅಂದ. ಹೌದು, ಒತ್ತಿದ್ದೆ. ಎರಡು ಗಂಟೆ ಆಯ್ತು. ಮಸ್ತಾನಸಾಬಿಗೆ ಫೋನ್ ಮಾಡಿದೆ. ಇನ್ನೂ ಸಿಕ್ಕಿಲ್ಲ ಅಂದ.

"ಕ್ಯಾಮೆರಾ ತಗೊಂಡಾಗ ಡಬ್ಬಿಯಾಗೆ ಒಂದು ಸೀಡಿ ಬಂದಿರ್ತೈತಲ್ಲ, ಅದು ಎಲ್ಲೈತೆ?" ಅಂತ ಕೇಳಿದ ರೌಫ್.

ಎಲ್ಲೈತೆ ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. ಆನಗೋಡಿನಾಗೆ, ನಮ್ಮವ್ವ ಉಚ್ಚೆಂಗೆಮ್ಮನ ಮೆಕ್ಕೆಜೋಳದ ಹೊಲದಾಗೆ ದಾರಕ್ಕೆ ತೂಗಾಡ್ತೈತೆ. ತೆನೆ ಹಾಲು ಕಟ್ಟಿದ ಕೂಡ್ಲೆ ಗಿಣಿ ಬರ್ತಾವೆ. ಬಿಸಿಲಿಗೆ ಸೀಡಿ ಫಳಫಳ ಅಂದ್ರೆ ಹತ್ರ ಬರಲ್ಲ ಅಂತ ನಮ್ಮ ಕಡೆ ಎಲ್ಲಾರೂ ಕಟ್ತಾರೆ. ಹಿಂದಿನ ತಿಂಗಳು ಅವ್ವ "ಹಳೇ ಸೀಡಿ ಇದ್ರೆ ಕೊಡೋ" ಅಂದಾಗ ಡ್ರಾಯರ್ ಎಳೆದು, ನೋಡದೆ, ಒಂದು ಹಿಡಿ ಬಾಚಿ ಕೊಟ್ಟಿದ್ದೆ. ಈ ಕಾಲದಾಗೆ ಸೀಡಿ ಯಾರಿಗೆ ಬೇಕು ಅಂತ ನಕ್ಕಿದ್ದೆ ಬೇರೆ.

ಆನಗೋಡು ಮುಟ್ಟೋ ಹೊತ್ತಿಗೆ ಮೂರು ಗಂಟೆ. ಅವ್ವ ಬದುವಿನ ಮ್ಯಾಲೆ ಕೂತಿದ್ಲು. ಮಾತಾಡಿಸದೆ ಹೊಲಕ್ಕೆ ನುಗ್ಗಿ ದಾರ ಹರೀತಾ ಹೋದೆ. ಒಟ್ಟು ಒಂಬತ್ತು ಸೀಡಿ. ತಿಂಗಳ ಬಿಸಿಲಿಗೆ ಮ್ಯಾಲಿದ್ದ ಅಕ್ಷರ ಎಲ್ಲಾ ಹಾರಿ ಹೋಗಿ ಎಲ್ಲವೂ ಬೆಳ್ಳಗೆ, ಒಂದೇ ಥರ.

"ಅಯ್ಯೋ, ಬಿಚ್ಚಬ್ಯಾಡೋ! ಗಿಣಿ ಕೂತ್ರೆ ತೆನೆ ಉಳಿಯಲ್ಲ! ನಿಂಗೇನು ಹುಚ್ಚು ಹಿಡಿದೈತೇನೋ?" ಅಂತ ಅವ್ವ ಹಿಂದೆ ಕೂಗ್ತಾ ಬಂದ್ಲು.

"ಹೌದವ್ವ, ಹಿಡಿದೈತೆ" ಅಂದೆ. ಅವಳ ಮ್ಯಾಲೆ ಕೂಗಾಡೋಕೆ ಬಾಯಿಗೆ ಬಂದಿತ್ತು, ನುಂಗ್ಕೊಂಡೆ. ಅವಳದೇನು ತಪ್ಪು?

ಮತ್ತೆ ರೌಫನ ಅಂಗಡಿ. ಲ್ಯಾಪ್‌ಟಾಪಿನ ಸೀಡಿ ಡ್ರೈವಿಗೆ ಒಂದೊಂದಾಗಿ ಹಾಕಿದ್ವಿ. ಒಂದು ಹಾಡಿಂದು. ಒಂದು ಓದ್ಲೇ ಇಲ್ಲ. ಮೂರನೇದು ನನ್ನ ಮದುವೆದು. ಸರೋಜಾ ತಲೆ ಬಗ್ಗಿಸಿ ಕೂತಾಳೆ, ನಾನು ಬಾಸಿಂಗ ಕಟ್ಕೊಂಡು ಕೋಡಂಗಿಯಂಗೆ ನಗ್ತಿದೀನಿ. ರೌಫ್ ಸರಕ್ಕನೆ ಹೊರಗೆ ತೆಗೆದ. ಏಳನೇದು ಕ್ಯಾಮೆರಾದ್ದು. ಅರ್ಧ ಓದಿ ಕರ್‌ರ್ ಅಂತ ನಿಂತು ಹೋಯ್ತು. ಕಾಳು, ಗರಿ, ಗಾಳಿ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ರೌಫ್ ಹಲ್ಲುಜ್ಜೋ ಪೇಸ್ಟ್ ತಂದು, ಮೆತ್ತಗಿನ ಬಟ್ಟೆಯಾಗೆ ನಡುವಿಂದ ಅಂಚಿಗೆ ತಿಕ್ಕಿದ, ತೊಳೆದ, ಹಾಕಿದ. ಮತ್ತೆ ನಿಲ್ತು. ಮತ್ತೆ ತಿಕ್ಕಿದ. ಐದನೇ ಸಲಕ್ಕೆ ಫೈಲು ಪೂರ್ತಿ ಇಳೀತು.

ಇಳಿದ್ರೆ ಮುಗೀತಾ? ಈ ಡ್ರೈವರಿಗೆ ಡಿಜಿಟಲ್ ಸಹಿ ಇಲ್ಲ, ಒಳಗೆ ಬಿಡಲ್ಲ ಅಂತು ಹೊಸ ಸಿಸ್ಟಂ. "ನಿನ್ನಜ್ಜಿ ಪಿಂಡ! ಅಲ್ಲಿ ಹೆಣ ಬಿದ್ದೈತೆ, ನಿಂಗೆ ಸಹಿ ಬೇಕೇನೋ?" ಅಂತ ಮೇಜು ಗುದ್ದಿದೆ. ರೌಫ್ ನನ್ನ ಭುಜ ಒತ್ತಿ ಕೂರಿಸಿ, ಲ್ಯಾಪ್‌ಟಾಪ್ ಆರಿಸಿ, ಮತ್ತೆ ಹಚ್ಚಿ, ಆ ಸಹಿ ಕೇಳೋ ಕಾವಲನ್ನೇ ಬಂದ್ ಮಾಡಿದ. ಹಳದಿ ತ್ರಿಕೋನ ಮಾಯ ಆಯ್ತು. ಅಂಗಡಿಯಾಗಿದ್ದ ನೀರಿನ ಕೊಡಕ್ಕೆ ಕ್ಯಾಮೆರಾ ಇಳಿಸಿದೆ. ಕೊಡದ ತಳ ಕಂಡ್ತು. ಹೊರಗೆ ನೋಡಿದ್ರೆ ಹೊತ್ತು ಮುಳುಗಿತ್ತು.

ಹರಿಹರದ ದಾರಿಯಾಗಿದ್ದಾಗ್ಲೇ ಪೊಲೀಸ್ನೋರು ಫೋನ್ ಮಾಡಿ, ಕತ್ತಲಾಗೆ ಯಾರನ್ನೂ ನೀರಿಗೆ ಇಳಿಸಲ್ಲ, ಬೆಳಗ್ಗೆ ಬಾ ಅಂದ್ರು. ಎಷ್ಟು ಕೇಳ್ಕೊಂಡ್ರೂ ಒಪ್ಪಲಿಲ್ಲ.

ಮಂಗಳವಾರ ಬೆಳಕು ಹರಿಯೋ ಹೊತ್ತಿಗೆ ಮಸ್ತಾನಸಾಬಿನ ತೆಪ್ಪದಾಗೆ ಇದ್ದೆ. ಕ್ಯಾಮೆರಾ ಇಳಿಸಿದ ಇಪ್ಪತ್ತೇ ನಿಮಿಷಕ್ಕೆ ಮಹಾಂತೇಶ್ ಕಂಡ. ಮೀನಿನ ಬಲೆ ಕಾಲಿಗೆ ಸುತ್ಕೊಂಡಿತ್ತು. ಎರಡೂ ಕೈ ಮುಂದಕ್ಕೆ ಚಾಚಿ ಪೈಪನ್ನ ಹಿಡ್ಕೊಂಡು, ಉದ್ದಕ್ಕೆ ನೀಟಿಕೊಂಡಿದ್ದ. ಮಸ್ತಾನಸಾಬ್ ಪರದೆ ನೋಡಿ ಹಣೆ ಚಚ್ಕೊಂಡ. "ಯಾ ಅಲ್ಲಾ, ನಿನ್ನೆ ಇದರ ಪಕ್ಕದಾಗೇ ತಡಕೀನಲ್ಲೋ. ನಾಲ್ಕಡಿ! ಬರೇ ನಾಲ್ಕಡಿ!" ಮಾತು ಕೊಟ್ಟಂಗೆ ಒಂದೇ ಮುಳುಗಿಗೆ ತಂದ. ಅರ್ಧ ಗಂಟೆ ಸಾಕು ಅಂದಿದ್ದೆನಲ್ಲ, ಆ ಮಾತೂ ಸುಳ್ಳಾಗ್ಲಿಲ್ಲ, ಒಂದು ದಿನ ತಡ ಆಯ್ತು ಅಷ್ಟೆ.

ಪೋಸ್ಟ್‌ಮಾರ್ಟಂ ಮುಗಿಸಿ ಮಧ್ಯಾಹ್ನ ಗದ್ದೆಗೆ ತಂದ್ರು. ನಾನು ಮನೆಗೆ ಹೋಗಬಹುದಿತ್ತು. ಹೋಗೋಕೆ ಕಾಲು ಬರಲಿಲ್ಲ. ಗುಂಡಿ ಹಿಂದಿನ ದಿನವೇ ತೋಡಿಸಿದ್ರು, ನಾನು ಅರ್ಧ ಗಂಟೆ ಅಂದಿದ್ದನ್ನ ನಂಬಿ. ಚೌಕಾಕಾರ, ಎದೆಮಟ್ಟ ಆಳ, ಗೋಡೆಯಾಗೆ ಕೂರಿಸೋಕೆ ಗೂಡು, ಗೂಡಿಗೆ ಸುಣ್ಣ ಕೂಡ ಬಳಿದಿದ್ರು.

ನಾಲ್ಕು ಜನ ಹಿರಿಯರು ಕಾಲು ಮಡಚೋಕೆ ನೋಡಿದ್ರು. ಬಿಸಿನೀರು ಹಾಕಿ ನೀವಿದ್ರು. ಕೈ ಮುಂದಕ್ಕೆ ಚಾಚಿದ್ದು ಚಾಚಿದಂಗೇ ಇತ್ತು, ಇನ್ನೂ ಪೈಪು ಹಿಡಿದೋನಂಗೆ. ಒಬ್ರು ಮಂಡಿ ಮ್ಯಾಲೆ ಭಾರ ಬಿಟ್ಟು ಒತ್ತಿದ್ರು. ಲಟಕ್ ಅಂತ ಸದ್ದಾಯ್ತು. ಹೆಂಗಸರು ಕಿರುಚಿದ್ರು.

"ಸಾಕು, ಬಿಡ್ರಿ" ಅಂದ್ರು ಬಕ್ಕೇಶಪ್ಪನೋರು. "ನನ್ನ ಮಗನ್ನ ಮುರೀಬ್ಯಾಡ್ರಿ. ಮಲಗಿಸ್ರಿ. ಗುಂಡಿ ಉದ್ದ ಮಾಡ್ರಿ." ಅವರ ವಂಶದಾಗೆ ಮಲಗಿದೋನು ಇವನೇ ಮೊದಲನೇಯೋನು.

ತಡ್ಕೊಳ್ಳೋಕೆ ಆಗ್ಲಿಲ್ಲ. ಮುಂದೆ ಹೋಗಿ ಅವರ ಕಾಲಿಗೆ ಬಿದ್ದೆ. "ಯಜಮಾನ್ರೆ, ಮಷೀನ್ ಕೆಟ್ಟಿರಲಿಲ್ಲ. ಕೆಡಿಸಿದೋನು ನಾನು. ಭಾನುವಾರ ಸಂಜೆ ಸಿಟ್ಟಿಗೆ ಅಪ್‌ಗ್ರೇಡ್ ಮಾಡಿದೆ. ಬಕೀಟಿನಾಗೆ ಬಿಟ್ಟು ಪರೀಕ್ಷೆ ಮಾಡ್ಲಿಲ್ಲ. ಸೀಡಿನ ಗಿಣಿ ಕಾಯೋಕೆ ಕೊಟ್ಟಿದ್ದೆ" ಅಂತ ಎಲ್ಲಾ ಹೇಳಿದೆ. ಹೊಡೀಲಿ ಅಂತಿದ್ದೆ. ಹೊಡೆದಿದ್ರೆ ಎಷ್ಟೋ ಹಗುರ ಆಗ್ತಿತ್ತು.

ಅವರು "ನಿನ್ನೆ ಬೆಳಗ್ಗೆ ನೀನು ಬಂದಾಗ ನನ್ನ ಮಗ ಇನ್ನೂ ಮೆತ್ತಗಿದ್ದ" ಅಂದ್ರು, ಅಷ್ಟೇ. ದನಿ ಏರಿಸ್ಲಿಲ್ಲ.

ಗುಂಡಿಯಾಗೆ ಇಳಿದಿದ್ದ ಆಳು ಮ್ಯಾಲೆ ನೋಡಿ, "ಎಷ್ಟುದ್ದ ತೋಡ್ಲಿ ಯಜಮಾನ್ರೆ?" ಅಂತ ಕೇಳಿದ.

ಬಕ್ಕೇಶಪ್ಪನೋರು ನನ್ನ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದ್ರು. ಅಂಗಾಲಿಂದ ನೆತ್ತಿತನಕ ನೋಡಿದ್ರು. "ಇವನಷ್ಟೇ ಎತ್ತರ ಇದ್ದ. ಇವನ ಅಳತೆಗೆ ತೋಡು" ಅಂದ್ರು.

ನಾನು ಗುಂಡಿಗೆ ಇಳಿದು ಆಳಿನ ಕೈಯಿಂದ ಗುದ್ದಲಿ ಇಸ್ಕೊಂಡೆ. ಅವನು ಮ್ಯಾಲೆ ಹತ್ತಿದ. ಸುಣ್ಣ ಬಳಿದ ಗೂಡಿಗೆ ಮೊದಲನೇ ಏಟು ಹಾಕಿದೆ. ನಡುನಡುವೆ ಮಲಗಿ, ಕಾಲು ಚಾಚಿ, ಸಾಲ್ತೈತಾ ಅಂತ ನೋಡಿದೆ. ಮ್ಯಾಲಿಂದ ಅವರು "ಇನ್ನೊಂದು ಗೇಣು" ಅಂದ್ರು, ಎದ್ದು ಇನ್ನೊಂದು ಗೇಣು ತೋಡಿದೆ.