ಮೈನಸ್ ಐದು

ಗವಿ ಡಾಕ್ಟರ ಮೂಗನ್ನು ಬಿಡುತ್ತಿರಲಿಲ್ಲ.

"ಬಿಡಪಾ ರಾಜಾ," ಎಂದರು ಡಾಕ್ಟರ್ ತಿಪ್ಪೇರುದ್ರಪ್ಪ, ಮೂಗು ಕಟ್ಟಿದ ದನಿಯಲ್ಲಿ. ಎರಡೂವರೆ ವರ್ಷದ ಮುಷ್ಟಿ. ಅದನ್ನು ಬಿಡಿಸಬೇಕಾದವಳು ಚನ್ನವೀರಮ್ಮ. ಬಿಡಿಸಬೇಕಾದರೆ ಪರಗಂಡಸಿನ ಮುಖಕ್ಕೆ ಕೈ ಹಾಕಬೇಕು. ಬಿ.ಎ.ಯಲ್ಲಿ ಇದಕ್ಕೆ ಪಾಠವಿರಲಿಲ್ಲ. ಸೆರಗಿನ ತುದಿ ತಿರುವುತ್ತ ಕೂತಳು. ಕೊನೆಗೆ ಗವಿಗೇ ಬೇಸರವಾಯಿತು.

ಗವಿ ಅವಳ ಅಕ್ಕನ ಮಗ; ಅವನಿಗೆ ಇವಳು ಚಿಗವ್ವ. ಅಕ್ಕ ಎರಡನೆಯ ಹೆರಿಗೆಗೆಂದು ಸಿರುಗುಪ್ಪದ ತವರಿಗೆ ಬಂದು ಬಾಣಂತಿಯಾಗಿ ಮಲಗಿದ್ದಳು. ಅವ್ವ ಅವಳ ಎಣ್ಣೆ-ನೀರಿನಲ್ಲಿ ಮುಳುಗಿದ್ದಳು. ಉಳಿದವಳು ಇವಳೇ. ಹಾಗಾಗಿ ಬೆಳಗಿನ ಬಸ್ಸಿಗೆ ಬಳ್ಳಾರಿಯ ಕಣ್ಣಿನ ಆಸ್ಪತ್ರೆ.

"ಏನು ತೊಂದ್ರಿ?"

"ಎಲ್ಲಾ ಮೂಗಿನ ಹತ್ರ ಹಿಡಕೊಂಡು ನೋಡ್ತಾನ್ರಿ. ಬಿಸ್ಕೀಟು, ಚಪ್ಪಲಿ... ಇರುವಿ ಸುದ್ದಾ."

"ಇರುವಿ?"

"ನೋಡಿ ಆಮ್ಯಾಲೆ ತಿಂತಾನ್ರಿ."

ಡಾಕ್ಟರ್ ನಗಲಿಲ್ಲ, ಅವಳಿಗೆ ಹಾಗೆ ಕಂಡಿತು. ಹನಿ ಹಾಕಿದರೆ ಕಣ್ಣಪಾಪೆ ಅಗಲವಾಗುತ್ತದೆ, ಆಗ ಒಳಗೆ ಬೆಳಕು ಬಿಟ್ಟು ನೋಡಬಹುದು ಎಂದರು. ಶೀಶೆ ಕಂಡದ್ದೇ ತಡ, ಗವಿ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡ.

"ಮೊದ್ಲು ಚಿಗವ್ವಗ!"

ಇದು ಆ ಮನೆಯ ಪದ್ಧತಿ. ಹರಳೆಣ್ಣೆಯನ್ನು ಚಿಗವ್ವ ಕುಡಿದ ಮೇಲೆ ಗವಿ ಕುಡಿಯುವುದು. ಜ್ವರದ ತಣ್ಣೀರು ಪಟ್ಟಿ ಮೊದಲು ಚಿಗವ್ವನ ಹಣೆಗೆ. ಜಾವಳ ತೆಗೆಸುವ ದಿನವೂ ಇದೇ ಹಟ. ಅವಳ ಜಡೆ ನಾಲ್ಕು ಬೆರಳು ಗಿಡ್ಡವಾಗಿತ್ತು. 'ನಾನು ಬೇರೆಯವರ ಬಾಳಿನ ಉಪ್ಪು ನೋಡುವವಳು' ಎಂದು ಅವಳು ಡೈರಿಯಲ್ಲಿ ಬರೆದಿದ್ದಳು. ಮರುದಿನ, ತುಸು ಅತಿಯಾಯಿತೆನ್ನಿಸಿ ಹೊಡೆದುಹಾಕಿದ್ದಳು.

"ಹಾಕ್ಲೇನ್ರಿ?" ಎಂದರು ಡಾಕ್ಟರ್.

ಅವಳು ಕತ್ತು ಹಿಂದಕ್ಕೆ ಬಾಗಿಸಿದಳು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರು, ಫೋಟೋ ತೆಗೆಯುವಾಗಲೇ ರೆಪ್ಪೆ ಬಡಿದ ದಂಪತಿಗಳ ಹಾಗೆ.

ಗವಿಯ ಕಣ್ಣಿನಲ್ಲಿ ಯಾವ ದೋಷವೂ ಸಿಗಲಿಲ್ಲ. ಡಾಕ್ಟರ್ ಹಾಗಂತಲೇ ಒಂದು ಚೀಟಿ ಬರೆದುಕೊಟ್ಟರು. ಚನ್ನವೀರಮ್ಮ ಅದನ್ನು ಓದಲು ಮೂಗಿನ ಹತ್ತಿರ ಹಿಡಿದಳು. ಪಕ್ಕದಲ್ಲಿ ಗವಿ ಬಿಸ್ಕೀಟನ್ನು ಮೂಗಿನ ಹತ್ತಿರ ಹಿಡಿದ.

ಡಾಕ್ಟರ್ ಇಬ್ಬರನ್ನೂ ಒಂದು ಗಳಿಗೆ ನೋಡಿದರು.

"ಇವನು ದಿನಾ ಯಾರ ಹತ್ರ ಇರ್ತಾನ?"

"ನನ್ನ ಹತ್ರಾನ ರೀ."

"ಚಲೋ ಕಲಿಸೀರಿ ಬಿಡ್ರಿ. ಕೂಸಿಗೇನೂ ಆಗಿಲ್ಲ. ನೀವು ಬರ್ರಿ ಕುರ್ಚಿಗೆ."

ಕಬ್ಬಿಣದ ಚೌಕಟ್ಟು ಅವಳ ಮೂಗಿನ ಮೇಲೆ ಕೂತಿತು. ಗಾಜುಗಳು ಒಂದೊಂದಾಗಿ ಟಕ್ಕೆಂದು ಒಳಗಿಳಿದವು.

ಕಿಟಕಿಯಾಚೆ ಬೇವಿನ ಮರ ಇತ್ತು. ಅದಕ್ಕೆ ಎಲೆಗಳಿದ್ದವು, ಬಿಡಿಬಿಡಿಯಾಗಿ. ಅದರಾಚೆ ಕಲ್ಲುಗುಡ್ಡ. ಬಂಡೆಯ ಮೇಲೆ ಒಂದು ಆಡು ನಿಂತು ಅವಳನ್ನೇ ನೋಡುತ್ತಿತ್ತು. ಒಳಗೆ ಬರುವಾಗ ಅವಳು ಕೈಮುಗಿದ ದೇವರ ಪಟ ಗೊಬ್ಬರದ ಕಂಪನಿಯ ೧೯೭೪ರ ಕ್ಯಾಲೆಂಡರಾಗಿತ್ತು. ಡಾಕ್ಟರ್ ನಗುತ್ತಿದ್ದರು. ಬಹುಶಃ ಮೊದಲಿನಿಂದಲೂ.

"ಮೈನಸ್ ಐದು. ಇಷ್ಟು ದಿನ ಹೆಂಗ ಓಡ್ಯಾಡಿದ್ರಿ?"

"ತಲಿ ತಗ್ಗಿಸಿಕೊಂಡು ರೀ."

ಚನ್ನಿ ಭಾಳ ನಾಚಿಕಿ ಹುಡುಗಿ, ಯಾರನ್ನೂ ಕಣ್ಣೆತ್ತಿ ನೋಡಂಗಿಲ್ಲ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ಅವಳೂ ನಂಬಿದ್ದಳು. ತನ್ನ ಅಂತರ್ಮುಖಿ ಸ್ವಭಾವದ ಮೇಲೆ ಏಳು ಡೈರಿ ತುಂಬಿಸಿದ್ದಳು. ಈಗ ನೋಡಿದರೆ ಏಳು ಡೈರಿಯ ಸಾರಾಂಶ ಮೈನಸ್ ಐದು.

ಹೆಣ್ಣು ನೋಡಲು ಬಂದಿದ್ದ ಕುರುಗೋಡಿನ ಬೀಗರು ಮೆಚ್ಚಿದ್ದೂ ಅದನ್ನೇ. "ಹುಡುಗಿ ತಲಿ ಸುದ್ದಾ ಎತ್ತಲಿಲ್ಲ ನೋಡ್ರಿ, ಎಂಥಾ ಮರ್ಯಾದಿ!" ವರ ಪಡಸಾಲೆಯ ಆ ತುದಿಯಲ್ಲಿ ಕೂತಿದ್ದ. ಅವಳಿಗೆ ಕಂಡದ್ದು ಒಂದು ಬಿಳಿ ಅಂಗಿ. ಅಂಗಿಯ ಮೇಲುಗಡೆ ಏನೋ ಕೆಮ್ಮಿತ್ತು. ಬರುವ ಸೋಮವಾರ ಅದರೊಂದಿಗೆ ನಿಶ್ಚಯ. ಕಾಲೇಜಿನಲ್ಲಿದ್ದಾಗ ಕರಿಹಲಗೆ ಮಸುಕಾಗಿ ಕಾಣುತ್ತದೆಂದು ಒಮ್ಮೆ ಹೇಳಿದ್ದಳು. "ಬಾಯಿ ಮುಚ್ಚು. ಚಾಳೀಸು ಹಾಕಿದ ಹುಡುಗಿನ್ನ ಯಾರು ಮಾಡ್ಕೋತಾರ?" ಎಂದಿದ್ದಳು ಅವ್ವ.

ಡಾಕ್ಟರ್ ಗಾಜು ತೆಗೆದರು. ಆಡು ಹೋಯಿತು.

"ಚೀಟಿ ಬರೀಲೋ, ಬ್ಯಾಡೋ?"

"ಕೂಸಿಂದೇನ್ರಿ?"

"ನಿಮ್ದು."

"ಬರೀರಿ," ಎಂದಿತು ಒಂದು ದನಿ. ಯಾರದೆಂದು ಅವಳು ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಹೊರಗೆ ಬಿಸಿಲು ಸುಣ್ಣದಂತೆ ಸುರಿಯುತ್ತಿತ್ತು. ಅಗಲಿಸಿದ ಪಾಪೆಗಳೊಳಗೆ ಬಳ್ಳಾರಿ ಪೂರ್ತಿ ಬೆಳ್ಳಗೆ ನುಗ್ಗಿತು. ಎಡಕ್ಕೆ ಹೋದರೆ ಬಸ್‌ ಸ್ಟ್ಯಾಂಡು, ಎದುರಿಗೆ ಕನ್ನಡಕದ ಅಂಗಡಿ. ಹಾಕಿಕೊಂಡರೆ ಕುರುಗೋಡು ತಪ್ಪೀತು. ಹಾಕಿಕೊಳ್ಳದಿದ್ದರೆ ಒಂದು ಅಂಗಿಯ ಜೊತೆ ಬಾಳುವೆ ಮಾಡಬೇಕು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ನಿಂತಳು.

"ಚಿಗವ್ವಾ, ಬಿಸಲು ಕಚ್ತೈತಿ," ಎಂದ ಗವಿ.

ಅವನನ್ನು ಎತ್ತಿಕೊಂಡು, ಅಂಗಡಿಯ ನೆರಳಿಗೆ ನುಗ್ಗಿದಳು. ಇದನ್ನು ನಿರ್ಧಾರವೆಂದು ಆಮೇಲೆ ಡೈರಿಯಲ್ಲಿ ಬರೆದುಕೊಂಡರಾಯಿತು.

ಒಳಗೆ ಇಕ್ಕಟ್ಟು. ಎದುರಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು, ಕಂಕುಳಲ್ಲಿ ಕೂಸು. ಚನ್ನವೀರಮ್ಮ ಎಡಕ್ಕೆ ಸರಿದಳು. ಆಕೆಯೂ ಅದೇ ಕಡೆ ಸರಿದಳು. ಬಲಕ್ಕೆ ಸರಿದಳು. ಆಕೆಯೂ.

"ಬರ್ರಿ ಅಕ್ಕಾರ, ನೀವು ಹಾಯ್ರಿ."

ಹೆಂಗಸು ಅಲುಗಲಿಲ್ಲ. ಪಾಪ, ಭಾಳ ನಾಚಿಕೆಯವಳಿರಬೇಕು.

"ಅದು ಕನ್ನಡಿ ಐತ್ರಿ, ಅಮ್ಮಾ!" ಮೂಲೆಯಿಂದ ಅಂಗಡಿಯವನು ಕೂಗಿದ. ಗವಿ ಕೇಕೆ ಹಾಕಿದ. ಆ ಕಂಕುಳ ಕೂಸು ಸದ್ದಿಲ್ಲದೆ ಬಾಯಿ ತೆರೆಯಿತು.

ಅಂಗಡಿಯವನ ಮಾತು ಚನ್ನವೀರಮ್ಮನಿಗೆ ಕೇಳಿಸಿತು. ಚೀಟಿ ಕೈಯಲ್ಲೇ ಇತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಎಳೆದುಕೊಂಡು, ಆ ಹೆಂಗಸು ದಾಟಿಹೋಗಲೆಂದು ಕಾಯುತ್ತ ನಿಂತಳು. ಆಕೆಗೂ ಅವಸರವಿದ್ದಂತೆ ಕಾಣಲಿಲ್ಲ.